ತಕ್ಕಡಿಯೂ ಗಿಲಿಕೆಯೂ

ಸಮುದ್ರದಾಚೆ ಬೆಳೆಯುತ್ತಿರುವ ಮೊಮ್ಮಗುವಿಗೆಂದು ಆಟಿಕೆ ಕೊಳ್ಳಹೊರಟ ಹಿರಿಯರು, ಅಂಗಡಿಯಲ್ಲಿ ವಸ್ತುವನ್ನು ಕೈಗೆತ್ತಿಕೊಂಡೊಡನೆ ಅದನ್ನು ಅಂಗೈಯಲ್ಲಿ ಒಮ್ಮೆ ತೂಗಿ ನೋಡುವುದು ಸಾಮಾನ್ಯವಾದ ವಾಡಿಕೆ. ಈ ವಾಡಿಕೆಯ ಹಿಂದೆ ಅಂಚೆಯ ದೀರ್ಘ ಚರಿತ್ರೆಯೊಂದು ಇದೆ; ನಮ್ಮ ನಾಡಿನ ಮಟ್ಟಿಗೆ, ಆ ಚರಿತ್ರೆಯು ಚನ್ನಪಟ್ಟಣದ ಗೊಂಬೆಯ ಚರಿತ್ರೆಯೊಡನೆ ಒಂದೆಡೆಯಲ್ಲಿ ಕೂಡಿಕೊಂಡಿದೆ. ಒಂದು ಕಸುಬು ಭಾರವನ್ನು ಅಳೆದು ದರ ಕಟ್ಟುವುದು. ಇನ್ನೊಂದು ಎಳೆಯ ಮುಷ್ಟಿಗೆ ಹೊಂದುವಂತೆ ಮರವನ್ನು ಕಡೆಯುವುದು. ಪರಸ್ಪರ ಪರಿಚಯವೇ ಇಲ್ಲದೆ ಬೆಳೆದ ಇವೆರಡೂ ಕೊನೆಗೆ ಒಂದೇ ಬಗೆಯ ವಸ್ತುವನ್ನು ಬಯಸಿದುವೆಂಬುದು ಗಮನಿಸತಕ್ಕ ವಿಷಯ.

ದೂರಕ್ಕೆ ಭಾರವನ್ನು ಒಯ್ಯುವ ಕೆಲಸ ಬಹುಕಾಲ ಮನುಷ್ಯನ ಹೆಗಲನ್ನೇ ಆಶ್ರಯಿಸಿದ್ದಿತು. 17ನೆಯ ಶತಮಾನದಲ್ಲಿ ಚಿಕದೇವರಾಜ ಒಡೆಯರು ನೆಲೆಗೊಳಿಸಿದ ಮೈಸೂರಿನ ಅಂಚೆಯಲ್ಲಿ ಓಡುವ ಹರಿಕಾರರೇ ಆಧಾರ. ಕಂಪನಿ ಸರ್ಕಾರದ ಆಡಳಿತದಲ್ಲಿಯೂ ಗಂಟುಮೂಟೆಗಳು ಬಿದಿರ ಅಡ್ಡೆಯ ಎರಡು ತುದಿಗಳಲ್ಲಿ ತೂಗುವ ಬುಟ್ಟಿಗಳಲ್ಲಿಯೇ ಊರಿಂದೂರಿಗೆ ಹೋಗುತ್ತಿದ್ದುವು. 1854ರಲ್ಲಿ, ದೂರವೆಷ್ಟೇ ಇರಲಿ, ಕಾಲು ತೊಲದ ಕಾಗದಕ್ಕೆ ಅರ್ಧಾಣೆಯೆಂಬ ಏಕರೂಪದ ದರವು ಭಾರತದಲ್ಲಿ ಜಾರಿಗೆ ಬಂದಾಗ, ಒಂದು ಮಹತ್ತ್ವದ ಪಲ್ಲಟವುಂಟಾಯಿತು: ಅಲ್ಲಿಯವರೆಗೆ ಹಾದಿಯ ಉದ್ದವನ್ನು ಕೇಳುತ್ತಿದ್ದ ಅಂಚೆಯವನು ಇನ್ನು ಮುಂದೆ ಕಾಗದದ ತೂಕವನ್ನು ಮಾತ್ರ ಕೇಳಿದನು. ಮೈಸೂರಿನ ಅಂಚೆಯೂ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯಲ್ಲಿ ಲೀನವಾಗಿ, ಅದೇ ತಕ್ಕಡಿಯ ಆಳ್ವಿಕೆಗೆ ಒಳಪಟ್ಟಿತು.

ದೇಶದೇಶಗಳ ನಡುವೆ ಇಂಥ ವ್ಯವಸ್ಥೆಯು ನೆಲೆಗೊಂಡುದು 1874ರ ಅಕ್ಟೋಬರಿನಲ್ಲಿ, ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಇಪ್ಪತ್ತೆರಡು ರಾಷ್ಟ್ರಗಳು ಅಂಚೆಯ ಒಕ್ಕೂಟವನ್ನು ರಚಿಸಿಕೊಂಡ ಬಳಿಕ. ಭಾರತವು 1876ರ ಜುಲೈಯಲ್ಲಿ ಅದನ್ನು ಸೇರಿತು. ಆದರೆ ಆ ಒಡಂಬಡಿಕೆ ಕಾಗದಪತ್ರಗಳಿಗೆ ಸಂಬಂಧಿಸಿದುದು. ಪಾರ್ಸೆಲ್ಲುಗಳಿಗೆ ಪ್ರತ್ಯೇಕವಾದ ಒಪ್ಪಂದವಾದುದು 1880ರಲ್ಲಿ ಪ್ಯಾರಿಸ್ಸಿನಲ್ಲಿ. ಅಲ್ಲಿ ಗೊತ್ತಾದ ತೂಕದ ಮಿತಿ ಮೂರು ಕಿಲೋಗ್ರಾಂ. ಅಮೆರಿಕದ ಸಂಯುಕ್ತ ಸಂಸ್ಥಾನಗಳು ಒಳನಾಡಿನ ಪಾರ್ಸೆಲ್ ಅಂಚೆಯನ್ನು ತೆರೆದುದು 1913ರಷ್ಟು ತಡವಾಗಿ. ಆಗಿನ ಮಿತಿ ಹನ್ನೊಂದು ಪೌಂಡು. ಆ ಜನವರಿಯಲ್ಲಿಯೇ ಒಹಾಯೋ ಪ್ರಾಂತದ ದಂಪತಿಗಳು ಹತ್ತೂಮುಕ್ಕಾಲು ಪೌಂಡು ತೂಗುತ್ತಿದ್ದ ತಮ್ಮ ಹಸುಗೂಸನ್ನೇ ಹದಿನೈದು ಸೆಂಟುಗಳ ಅಂಚೆಚೀಟಿಯ ಲೆಕ್ಕದಲ್ಲಿ ಹಳ್ಳಿಯ ಅಂಚೆಯವನ ಕೈಗಿತ್ತು, ಮೈಲಿಯಷ್ಟು ದೂರದಲ್ಲಿದ್ದ ಅಜ್ಜಿಯ ಮನೆಗೆ ಕಳುಹಿಸಿದರಂತೆ! ನಿಯಮದಲ್ಲಿ ತೂಕದ ಮಾತಿದ್ದಿತೇ ಹೊರತು ಹಸುಗೂಸನ್ನು ಕಳುಹಿಸಕೂಡದೆಂಬ ಸ್ಪಷ್ಟವಾದ ಮಾತಿರಲಿಲ್ಲ. ಮುಂದೆ ಇಲಾಖೆಯು ಇಂಥ ರವಾನೆಯನ್ನು ನಿಷೇಧಿಸಬೇಕಾಯಿತು.

ವಿಮಾನದ ಅಂಚೆ ಬಂದ ಮೇಲೆ ತೂಕದ ಗಣನೆ ಇನ್ನಷ್ಟು ಸೂಕ್ಷ್ಮವಾಯಿತು. 1929ರ ಮಾರ್ಚಿ 30ರಂದು ಲಂಡನ್ನಿನಿಂದ ಕರಾಚಿಗೆ ವಿಮಾನದ ಟಪಾಲು ಹೊರಟಂದಿನಿಂದ, ಹಡಗಿನಲ್ಲಿ ವಾರಗಟ್ಟಲೆ ಸಾಗಬೇಕಾದುದು ದಿನಗಳಲ್ಲಿ ತಲಪುವುದು ಸಾಧ್ಯವಾಯಿತಾದರೂ, ಆ ವೇಗಕ್ಕೆ ಔನ್ಸಿನ ಲೆಕ್ಕದಲ್ಲಿ ಹಣ ತೆರಬೇಕಾಗಿ ಬಂದಿತು. ಸುಮಾರು ಅದೇ ದಶಕದಲ್ಲಿ ಒಕ್ಕೂಟವು ‘ಚಿಕ್ಕ ಪೊಟ್ಟಣ’ವೆಂಬ ಹೊಸ ವರ್ಗವನ್ನು ಕಲ್ಪಿಸಿತು. ಪಾರ್ಸೆಲ್ಲಿನ ಸಾಲಿನಲ್ಲಿ ನಿಲ್ಲದೆ, ಕಾಗದಗಳ ಜೊತೆಯಲ್ಲಿಯೇ ಸಾಗುವ ಅಧಿಕಾರವುಳ್ಳ ಈ ಪೊಟ್ಟಣದ ಇಂದಿನ ಪರಮಾವಧಿ ಎರಡು ಕಿಲೋಗ್ರಾಂ. ಮಕ್ಕಳ ಉಡುಗೊರೆಗಳ ಪಾಲಿಗೆ ಇದು ಅನುಕೂಲವಾದ ಹೆಬ್ಬಾಗಿಲಾಯಿತು.

ಇನ್ನು ಚನ್ನಪಟ್ಟಣದ ಕಡೆಗೆ ತಿರುಗೋಣ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹೆದ್ದಾರಿಯಲ್ಲಿ, ಸುಮಾರು ಅರುವತ್ತು ಕಿಲೋಮೀಟರು ದೂರದಲ್ಲಿರುವ ಈ ಊರು ಹಿಂದೆ ಗಾಜಿನ ಬಳೆಗಳಿಗೂ ವೀಣೆಯೇ ಮೊದಲಾದ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಗೂ ಹೆಸರಾಗಿದ್ದಿತು; ಬಿ. ಎಲ್. ರೈಸರ ಗ್ಯಾಸೆಟಿಯರ್ ಇವುಗಳೊಡನೆ ಅರಗಿನ ಸಾಮಾನುಗಳನ್ನೂ ಗೊಂಬೆಗಳನ್ನೂ ಹೆಸರಿಸುತ್ತದೆ. ಟಿಪ್ಪು ಸುಲ್ತಾನನು ಪರ್ಷಿಯದ ಕುಶಲಿಗಳನ್ನು ಕರೆಯಿಸಿ ಈ ವಿದ್ಯೆಯನ್ನು ಇಲ್ಲಿ ನೆಡಿಸಿದನೆಂಬುದು ಊರಿನ ಐತಿಹ್ಯ. ಬಾವಾಸ್ ಮಿಯಾನ್ ಎಂಬವರು ಜಪಾನಿನ ಅರಗಿನ ಕೆಲಸವನ್ನು ಅರಿತು ಬಂದು ಇಲ್ಲಿಯ ಕಸುಬನ್ನು ತಿದ್ದಿದರೆಂದು ಕೆಲಸಗಾರರು ಇಂದಿಗೂ ಗೌರವದಿಂದ ನೆನೆಯುವರು. ತಂತಿ, ಬಳೆಗಳ ಕೀರ್ತಿ ಮಾಸಿ ಗೊಂಬೆಯೊಂದೇ ಊರಿನ ಹೆಸರಿಗೆ ಅಂಟಿಕೊಂಡಿತು.

ಗಿಲಿಕೆಯೊಂದನ್ನು ಮಾಡುವ ಬಗೆಯನ್ನು ಸಮೀಪದಿಂದ ನೋಡಿದವರಿಗೆ ಈ ಕೀರ್ತಿಯ ಮರ್ಮ ತಿಳಿಯುವುದು. ಹಾಲೆ ಮರದ ಬೆಳ್ಳನೆಯ, ನಯವಾದ ಕೊಂಬೆಗಳನ್ನು ತಿಂಗಳುಗಟ್ಟಲೆ ಒಣಗಿಸಿ, ತುಂಡುಮಾಡಿ, ತಿರುಗುವ ಲೇತಿಗೆ ಸಿಕ್ಕಿಸಿ, ಉಳಿಯನ್ನು ಒಡ್ಡುತ್ತ ಹಿಡಿಕೆಯನ್ನೂ ಅದರ ಸುತ್ತ ಸಡಿಲವಾಗಿ ಆಡುವ ಬಳೆಗಳನ್ನೂ ಕಡೆಯುವರು. ಬಣ್ಣ ಕಲಸಿ ಕಡ್ಡಿಯಾಗಿ ಎಳೆದ ಅರಗನ್ನು ತಿರುಗುತ್ತಿರುವ ಮರಕ್ಕೆ ಒತ್ತಿ ಹಿಡಿಯಲು, ಉಜ್ಜುವಿಕೆಯ ಕಾವಿನಿಂದಲೇ ಅರಗು ಕರಗಿ ಮೈಯೆಲ್ಲ ಹರಡುವುದು. ಅನಂತರ ಒಣಗಿದ ಕೇದಗೆಯ ಗರಿಯನ್ನು ಹಿಡಿದು ತೀಡಿದರೆ, ಕುಂಚದ ಕೆಲಸವಿಲ್ಲದೆ, ಮೆರುಗೆಣ್ಣೆಯ ಹಂಗಿಲ್ಲದೆ, ಹೊಳಪು ಮೂಡುವುದು. ಮೊಳೆಯಿಲ್ಲ, ಚೂಪಾದ ಅಂಚಿಲ್ಲ. ಬಾಯಿಗಿಡದೆ ಯಾವುದನ್ನೂ ಅರಿಯದ ವಯಸ್ಸಿಗೆ ತಕ್ಕಂತೆ ಅರಸಿನ ಮೊದಲಾದವುಗಳ ಬಣ್ಣ. ಮುಷ್ಟಿಯಲ್ಲಿ ಹಿಡಿಯಬೇಕಾದುದರಿಂದ ಗಾತ್ರವು ಚಿಕ್ಕದು, ಮುಖದ ಮೇಲೆ ಬಿದ್ದರೂ ನೋಯಿಸಬಾರದಾದುದರಿಂದ ತೂಕವು ಕಡಮೆ. ಅಂಚೆಯ ದರಪಟ್ಟಿಯನ್ನು ಕಾಣದ ಕುಶಲಿಯು ಅಂಚೆಗೆ ಒಪ್ಪುವ ವಸ್ತುವನ್ನೇ ಮಾಡಿಟ್ಟಿದ್ದನು.

ಅಮೆರಿಕವು 1965ರಲ್ಲಿ ವಲಸೆಯ ಕಾನೂನನ್ನು ಸಡಿಲಿಸಿದ ಮೇಲೆ ನಮ್ಮ ವೈದ್ಯರೂ ಎಂಜಿನಿಯರುಗಳೂ ಹೆಚ್ಚು ಸಂಖ್ಯೆಯಲ್ಲಿ ಅತ್ತ ನೆಲಸಿ, ಅಲ್ಲಿಯೇ ಮಕ್ಕಳನ್ನು ಪಡೆದಾಗ, ಈ ಹೊಂದಿಕೆಯ ಬೆಲೆ ಇಲ್ಲಿಯ ಮನೆಗಳಿಗೆ ಗೊತ್ತಾಯಿತು. ದಸರೆಯ ಪಟ್ಟದ ಗೊಂಬೆ ಘನವಾದುದು. ಬೀಟೆಯ ಆನೆ ಚೆಲುವಾದರೂ ಭಾರ. ಮಣ್ಣಿನ ಗೊಂಬೆ ದಾರಿಯಲ್ಲಿಯೇ ಒಡೆಯುವುದು. ಕಾಳು ತುಂಬಿದ ಆಟಿಕೆಯನ್ನು, ಸಸ್ಯರೋಗಗಳಿಗೆ ಅಂಜುವ ಆಸ್ಟ್ರೇಲಿಯದಂಥ ದೇಶಗಳು ಗಡಿಯಲ್ಲಿಯೇ ತಡೆದಾವು. ಕರಕುಶಲ ವಸ್ತುಗಳ ಮಳಿಗೆಯಾದ ಕಾವೇರಿ ಎಂಪೋರಿಯಮ್ಮಿನ ಗಾಜಿನ ಕಪಾಟುಗಳನ್ನೆಲ್ಲ ಸುತ್ತಿದವರು ಕೊನೆಗೆ ಬುಗುರಿ, ಗಿಲಿಕೆಗಳ ಮುಂದೆ ನಿಲ್ಲುತ್ತಿದ್ದುದು ಆಕಸ್ಮಿಕವಲ್ಲ. ಹಾಗೆ ಕೊಂಡುದನ್ನು ಹತ್ತಿಯ ಬಟ್ಟೆಯಲ್ಲಿ ಹೊಲಿದು, ಹೊಲಿಗೆಯ ಮೇಲೆ ಅಲ್ಲಲ್ಲಿ ಅರಗನ್ನು ತೊಟ್ಟಿಕ್ಕಿ ಮುದ್ರೆಯೊತ್ತುವುದು ನಮ್ಮ ಅಂಚೆಯ ಹಳೆಯ ಪದ್ಧತಿ. ಪಾಂಡವರನ್ನು ಸುಡಲು ಮನೆಯಾಗಿ ನಿಂತ ಆ ಅರಗೇ ಇಲ್ಲಿ ಪೊಟ್ಟಣದ ಒಳಗೆ ಗಿಲಿಕೆಯ ಬಣ್ಣವಾಗಿಯೂ ಹೊರಗೆ ಅದರ ಕಾವಲಾಗಿಯೂ ಒದಗಿದೆ.

ಆಟಿಕೆಯ ಜೊತೆಗೆ ಪುಸ್ತಕಕ್ಕೂ ಈ ಚರಿತ್ರೆಯಲ್ಲಿ ಸ್ಥಾನವುಂಟು. ಇಂಗ್ಲೆಂಡಿನ ಡೀನ್ ಸಂಸ್ಥೆಯು 1903ರಲ್ಲಿ ಹರಿಯಲಾಗದ ಬಟ್ಟೆಯ ಪುಸ್ತಕಗಳನ್ನು ಹೊರತಂದಿತು. ನಮ್ಮಲ್ಲಿ ಅನಂತ ಪೈಯವರು 1967ರಲ್ಲಿ ಆರಂಭಿಸಿದ ಅಮರ ಚಿತ್ರಕಥೆಯ ತೆಳುವಾದ ಸಂಚಿಕೆಗಳೂ, ಎಲ್. ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ರಾಷ್ಟ್ರೋತ್ಥಾನ ಪರಿಷತ್ತು ಪ್ರಕಟಿಸಿದ ಭಾರತ-ಭಾರತಿಯ ಪುಟ್ಟ ಹೊತ್ತಗೆಗಳೂ ಲಕೋಟೆಯಲ್ಲಿ ಅಡಕವಾಗುವಂಥವು; ಓದಲು ಕಲಿತ ಮಗುವಿಗೆ ಇವುಗಳಿಗಿಂತ ಹಗುರವೂ ತೃಪ್ತಿಕರವೂ ಆದ ಕಾಣಿಕೆ ಅಪರೂಪ.

ಆದುದರಿಂದ, ಉಡುಗೊರೆಯನ್ನು ಆಯುವವರು ಮಗುವಿನ ವಯಸ್ಸನ್ನು ಮೊದಲು ವಿಚಾರಿಸಿಕೊಂಡರೆ ತೂಕದ ಚಿಂತೆ ಬಹುಮಟ್ಟಿಗೆ ತಾನೇ ಪರಿಹಾರವಾಗುವುದು. ಮೂರು ವರ್ಷ ತುಂಬದವರ ಆಟಿಕೆಗಳಲ್ಲಿ ಬಾಯಿಗೆ ಸಿಲುಕುವಂಥ ಸಣ್ಣ ಬಿಡಿಭಾಗಗಳಿರಕೂಡದೆಂದು ಅಮೆರಿಕವು 1980ರಿಂದ ವಿಧಿಸಿರುವ ನಿಯಮವನ್ನು, ಹಳೆಯ ಮಾದರಿಯ ಗಟ್ಟಿಯಾದ ಗಿಲಿಕೆಯು ಯಾವ ವಿಧಿಯೂ ಇಲ್ಲದ ಕಾಲದಲ್ಲಿಯೇ ಪಾಲಿಸಿದ್ದಿತು. ಆ ವಯಸ್ಸು ದಾಟಿದವರಿಗೆ ಬುಗುರಿ, ಇನ್ನೂ ದೊಡ್ಡವರಿಗೆ ಪುಸ್ತಕ. ಕಳುಹಿಸುವ ವೆಚ್ಚವು ಗೊಂಬೆಯ ಬೆಲೆಯನ್ನು ಮೀರುವುದನ್ನು ಕಂಡು ಅಂಚೆಯವರನ್ನು ದೂರುವವರು ಹಲವರು. ಆದರೆ ಒಣಗಿಸಿ, ಕಡೆದು, ಬಣ್ಣವೇರಿಸಿ, ತೀಡಿದ ವಸ್ತುವೊಂದು ಅಷ್ಟು ಅಗ್ಗಕ್ಕೆ ದೊರೆಯುವುದಾದರೆ, ದುಬಾರಿಯಾದ ಅಂಚೆಗಿಂತ ಮೊದಲು ಪ್ರಶ್ನಿಸಬೇಕಾದುದು ಅದನ್ನು ಮಾಡಿದ ಕೈಗೆ ಸಂದ ಕೂಲಿಯನ್ನು.