ದೆಹಲಿಯ ಕಬ್ಬಿಣದ ಸ್ತಂಭ

ದೆಹಲಿಯ ಮೆಹ್ರೌಲಿಯಲ್ಲಿ, ಕುತುಬ್ ಮಿನಾರಿನ ಸನಿಹದ ಮಸೀದಿಯ ಪ್ರಾಂಗಣದೊಳಗೆ ನಿಂತಿರುವ, 7 ಮೀಟರಿಗೂ ತುಸು ಮಿಗಿಲಾದ ಉದ್ದವೂ 6 ಟನ್ನಿಗೂ ಮಿಕ್ಕ ತೂಕವೂ ಉಳ್ಳ ಲೋಹಸ್ತಂಭ. ಚಂದ್ರನೆಂಬ ಅರಸನು ವಿಷ್ಣುಪದಗಿರಿಯ ಮೇಲೆ ವಿಷ್ಣುವಿನ ಧ್ವಜವಾಗಿ ಇದನ್ನು ನಿಲ್ಲಿಸಿದನೆಂದು ಇದರ ಮೈಮೇಲಣ ಬ್ರಾಹ್ಮೀ ಲಿಪಿಯ ಸಂಸ್ಕೃತ ಶಾಸನವು ಸಾರುತ್ತದೆ. ಆ ಚಂದ್ರನು ಗುಪ್ತವಂಶದ ಎರಡನೆಯ ಚಂದ್ರಗುಪ್ತನೆಂಬುದು ಬಹುಮಂದಿ ವಿದ್ವಾಂಸರ ಮತವಾದುದರಿಂದ ಇದರ ಪ್ರಾಯ ಸುಮಾರು 1,600 ವರ್ಷಗಳು. ಗಿರಿಯ ಮೇಲಿದ್ದುದು ಮಸೀದಿಯ ಅಂಗಳಕ್ಕೆ ಎಂದು, ಯಾರಿಂದ ಬಂದಿತೆಂಬ ವಿಷಯದಲ್ಲಿ ಒಮ್ಮತವಿಲ್ಲ. ಮಧ್ಯಪ್ರದೇಶದ ಉದಯಗಿರಿಯೇ ಮೂಲಸ್ಥಾನವೆಂದು ಕೆಲವರು ವಾದಿಸಿದ್ದಾರೆ.

ಇಷ್ಟು ಶತಮಾನಗಳ ಬಿಸಿಲುಮಳೆಗಳಿಗೆ ಮೈಯೊಡ್ಡಿಯೂ ಸ್ತಂಭವು ತುಕ್ಕಿಗೆ ತುತ್ತಾಗದೆ ಉಳಿದುದೇ ಇದರ ಕೀರ್ತಿಗೂ ಇದನ್ನು ಕುರಿತ ಕಲ್ಪನೆಗಳಿಗೂ ಕಾರಣ. 1968ರಲ್ಲಿ ಎರಿಕ್ ಫಾನ್ ಡೆನಿಕೆನ್ ಎಂಬ ಸ್ವಿಸ್ ಲೇಖಕನು, ಅನ್ಯಲೋಕದವರು ಭೂಮಿಗೆ ಬಂದು ಹೋದರೆಂಬ ತನ್ನ ವಾದಕ್ಕೆ ಆಧಾರಗಳನ್ನು ಅರಸುತ್ತ, ಇದು ಗಂಧಕವಾಗಲಿ ರಂಜಕವಾಗಲಿ ಇಲ್ಲದ ಅಜ್ಞಾತ ಮಿಶ್ರಲೋಹವೆಂದು ಬರೆದನು. ಆದರೆ ಲೋಹವಿಜ್ಞಾನಿ ರಾಬರ್ಟ್ ಹ್ಯಾಡ್‌ಫೀಲ್ಡನು 1912ರಷ್ಟು ಹಿಂದೆಯೇ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಶೇ. 0.114ರಷ್ಟು ರಂಜಕ ಕಂಡುಬಂದಿತ್ತು. ಯಾವ ವಸ್ತುವಿಲ್ಲವೆಂದು ಆ ಲೇಖಕನು ಹೇಳಿದನೋ ಆ ವಸ್ತುವೇ ಸ್ತಂಭದ ರಕ್ಷಕ.

ಕಾನ್ಪುರದ ಐಐಟಿಯ ಆರ್. ಬಾಲಸುಬ್ರಹ್ಮಣ್ಯಂ ಅವರ ದೀರ್ಘಕಾಲದ ಸಂಶೋಧನೆಯು ಇದನ್ನು ವಿಶದಪಡಿಸಿತು. ನಮ್ಮ ಪ್ರಾಚೀನ ಕಮ್ಮಾರರು ಇದ್ದಿಲಿನೊಡನೆ ಅದಿರನ್ನು ಕಾಸುವಾಗ ಸುಣ್ಣಕಲ್ಲನ್ನು ಬೆರೆಸುತ್ತಿರಲಿಲ್ಲವಾಗಿ, ಇಂದಿನ ಕುಲುಮೆಗಳಲ್ಲಿ ಕಿಟ್ಟದೊಡನೆ ಹೊರಬೀಳುವ ರಂಜಕವು ಅಂದು ಕಬ್ಬಿಣದೊಳಗೇ ನಿಲ್ಲುತ್ತಿತ್ತು. ತೇವವು ತಾಗಿ ಒಣಗುತ್ತ ಬಂದಂತೆ ಅದರ ನೆರವಿನಿಂದ ಮೇಲ್ಮೈಯಲ್ಲಿ ತೆಳುವಾದ, ಬಿಗಿಯಾದ ಪೊರೆಯೊಂದು ಮೂಡಿ ಒಳಗಣ ಲೋಹವನ್ನು ಕಾಯಿತು. ದೆಹಲಿಯ ಒಣಹವೆಯೂ ಇದಕ್ಕೆ ಸಹಾಯಕವಾಯಿತು. ಸ್ತಂಭವು ಸರ್ವಥಾ ತುಕ್ಕುರಹಿತವೆಂಬ ನಂಬಿಕೆಯೂ ಸರಿಯಲ್ಲ: 1961ರಲ್ಲಿ ಬುಡವನ್ನು ಅಗೆದಾಗ ನೆಲದೊಳಗಣ ಭಾಗವು ಬಹಳ ಸವೆದಿದ್ದುದು ಕಾಣಬಂದು, ಅದಕ್ಕೆ ಸೀಸದ ತಗಡನ್ನು ಹೊದಿಸಬೇಕಾಯಿತು.

ನಿಜವಾಗಿ ಬೆರಗುಗೊಳಿಸುವುದು ನಿರ್ಮಾಣದ ಸಾಹಸ. ಒಮ್ಮೆಗೆ ಕುಲುಮೆ ಕೊಡುತ್ತಿದ್ದ ಮುದ್ದೆ ಸುಮಾರು 20-30 ಕಿಲೋಗ್ರಾಂ ಮಾತ್ರವೆಂದು ಅಂದಾಜು. ಅಂತಹ ನೂರಾರು ಮುದ್ದೆಗಳನ್ನು ಕೆಂಡದಂತೆ ಕಾಸಿ, ಸುತ್ತಿಗೆಯ ಪೆಟ್ಟಿನಿಂದಲೇ ಒಂದಕ್ಕೊಂದು ಬೆಸೆದು, ಆರು ಟನ್ನಿನ ಅಖಂಡರೂಪಕ್ಕೆ ತಂದ ಆ ಅನಾಮಿಕರ ಪಾಲಿನ ಗೌರವವನ್ನು ಅನ್ಯಲೋಕದವರಿಗೆ ಒಪ್ಪಿಸುವುದು ಅನ್ಯಾಯವೇ ಸರಿ. ಅವರ ವಿದ್ಯೆ ಒಂಟಿಯಾದ ಪವಾಡವೂ ಅಲ್ಲ, ಅಲ್ಲಿಗೇ ಲುಪ್ತವಾದುದೂ ಅಲ್ಲ. ಮಧ್ಯಪ್ರದೇಶದ ಧಾರ್ ನಗರದಲ್ಲಿ ಮುರಿದುಬಿದ್ದಿರುವ ಇನ್ನೂ ದೊಡ್ಡ ಸ್ತಂಭ, ಕೋನಾರ್ಕದ ದೇಗುಲದ ಕಬ್ಬಿಣದ ತೊಲೆಗಳು, ನಮ್ಮ ಕೊಡಚಾದ್ರಿಯ ಮೇಲೆ ಮಲೆನಾಡಿನ ಭಾರಿ ಮಳೆಯಲ್ಲಿ ನಿಂತಿರುವ ಮೂಕಾಂಬಿಕೆಯ ಗುಡಿಯೆದುರಿನ ಕಂಬ, ಇವೆಲ್ಲವೂ ತಿದಿಯೂ ಸುತ್ತಿಗೆಯೂ ಹಿಡಿದ ಕೈಗಳ ಕೆಲಸ.