ಬೀಗದ ಕೈ

ನಮ್ಮ ನಾಡಿನ ಹಳ್ಳಿಗಳಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಯ ಬೀಗದ ಕೈ ಬಹುಮಟ್ಟಿಗೆ ಉಪಾಧ್ಯಾಯರ ಚೀಲದಲ್ಲಿಯೇ ಇರುತ್ತದೆ; ಜವಾನನೆಂಬವನಿಲ್ಲದ ಇಬ್ಬರು ಮೇಷ್ಟರ ಶಾಲೆಗಳಲ್ಲಿ ಬೆಳಗ್ಗೆ ಬಾಗಿಲು ತೆರೆಯುವುದು, ಗಂಟೆ ಬಾರಿಸುವುದು, ಸಂಜೆ ಕಿಟಕಿಗಳನ್ನು ಮುಚ್ಚಿ ಬೀಗ ಹಾಕುವುದು ಇವೆಲ್ಲವೂ ಪಾಠ ಹೇಳುವವರ ಕೆಲಸವೇ. 2020ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ, ಕೊರೋನಾದಿಂದಾದ ದೇಶದ ಮೊದಲ ಸಾವು ಕಲಬುರಗಿಯಲ್ಲಿ ಸಂಭವಿಸಿದ ಕೆಲವೇ ದಿನಗಳಲ್ಲಿ, ಈ ಶಾಲೆಗಳ ಬಾಗಿಲುಗಳಿಗೆಲ್ಲ ಬೀಗ ಬಿದ್ದಿತು. ಒಂದರಿಂದ ಐದನೆಯ ತರಗತಿಯ ಎಳೆಯ ಮಕ್ಕಳಿಗಾಗಿ ಆ ಬಾಗಿಲುಗಳು ಮರಳಿ ತೆರೆದದ್ದು 2021ರ ಅಕ್ಟೋಬರ್ 25ರಂದು. ನಡುವಣ ಹತ್ತೊಂಬತ್ತು ತಿಂಗಳುಗಳಲ್ಲಿ ಮೇಷ್ಟರು ಮನೆಯಲ್ಲಿ ಕುಳಿತು ಸಂಬಳ ಎಣಿಸಿದರು ಎಂಬ ಮಾತು ಆಗ ಊರ ಕಟ್ಟೆಗಳ ಮೇಲೆ ಧಾರಾಳವಾಗಿ ಕೇಳಿಬರುತ್ತಿತ್ತು. ಆ ಮಾತು ಸುಳ್ಳು. ಸುಳ್ಳು ಮಾತ್ರವಲ್ಲ, ಕೃತಘ್ನತೆಯ ಮಾತು. ಅದನ್ನು ಅಲ್ಲಗಳೆಯಬೇಕಾದರೆ ಈ ಉದ್ಯೋಗದ ಹಿಂದಿನ ಚರಿತ್ರೆಯನ್ನು ಸ್ವಲ್ಪ ಕೆದಕಿ ನೋಡಬೇಕಾಗುತ್ತದೆ.

ಸರ್ಕಾರದ ಶಾಲೆ ಬರುವುದಕ್ಕೆ ಮುಂಚೆ ಕನ್ನಡನಾಡಿನ ಊರುಗಳಲ್ಲಿ ಇದ್ದದ್ದು ಕೂಲಿಮಠ. ಅದರ ಗುರುಗಳಾದ ಐಗಳು ಯಾರದಾದರೂ ಮನೆಯ ಜಗಲಿಯಲ್ಲಿಯೋ ಗುಡಿಯ ಪ್ರಾಂಗಣದಲ್ಲಿಯೋ ಹುಡುಗರನ್ನು ಕೂರಿಸಿಕೊಂಡು, ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸಿ, ಮಗ್ಗಿ ಬಾಯಿಪಾಠ ಮಾಡಿಸಿ, ಮುಂದುವರಿದವರಿಗೆ ಅಮರಕೋಶವನ್ನೂ ಜೈಮಿನಿ ಭಾರತವನ್ನೂ ಹೇಳಿಕೊಟ್ಟು, ಊರವರು ಅಳೆದುಕೊಟ್ಟ ಕಾಳುಕಡಿಯಲ್ಲಿ ಜೀವನ ಸಾಗಿಸುತ್ತಿದ್ದರು. ಶಾಸನಗಳ ಸಂಗ್ರಹದಿಂದ ನಮಗೆ ಚಿರಪರಿಚಿತರಾದ ಬಿ. ಎಲ್. ರೈಸರು ಮೈಸೂರಿನ ವಿದ್ಯಾ ಇಲಾಖೆಯಲ್ಲಿದ್ದಾಗ, 1868ರ ಸುಮಾರಿಗೆ ಹೋಬಳಿ ಶಾಲೆಗಳ ಯೋಜನೆ ರೂಪುಗೊಂಡಿತು. ಜಗಲಿಯ ಐಗಳ ಜಾಗಕ್ಕೆ ಸಂಬಳದ ಮೇಷ್ಟರು ಬಂದರು. 1913ರಲ್ಲಿ ಮೈಸೂರು ಸಂಸ್ಥಾನ ಪ್ರಾಥಮಿಕ ಶಿಕ್ಷಣದ ಕಾಯಿದೆ ಮಾಡಿ ಕಡ್ಡಾಯ ಶಿಕ್ಷಣಕ್ಕೆ ದಾರಿ ತೆರೆದ ಮೇಲೆ, ಮನೆಮನೆಯ ಬಾಗಿಲಿಗೆ ಹೋಗಿ ಮಕ್ಕಳನ್ನು ಕರೆತರುವುದೂ ಅವರ ಪಾಲಿಗೆ ಬಂದಿತು. ಹೀಗೆ ಊರಿನಲ್ಲಿ ಅಕ್ಷರ ಬಲ್ಲ, ಸರ್ಕಾರದ ಮಾತನ್ನು ಕೇಳಲೇಬೇಕಾದ, ಎಲ್ಲ ಮನೆಗಳ ಪರಿಚಯವೂ ಇರುವ ಒಬ್ಬ ವ್ಯಕ್ತಿ ನಿರ್ಮಾಣವಾದ ತರುವಾಯ, ಸರ್ಕಾರಕ್ಕೆ ಯಾವ ಕೆಲಸ ಬಿದ್ದರೂ ಕಣ್ಣು ಮೊದಲು ಹೊರಳಿದ್ದು ಆತನ ಕಡೆಗೇ: ತಲೆ ಎಣಿಸಬೇಕೇ, ಮತಪಟ್ಟಿ ತಿದ್ದಬೇಕೇ, ಮತಗಟ್ಟೆಯಲ್ಲಿ ಕೂರಬೇಕೇ, ಮೇಷ್ಟರಿದ್ದಾರೆ. 2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯ 27ನೆಯ ಕಲಮು ಉಪಾಧ್ಯಾಯರನ್ನು ಪಾಠಕ್ಕೆ ಹೊರತಾದ ಕೆಲಸಗಳಿಗೆ ಹಚ್ಚಬಾರದೆಂದು ವಿಧಿಸಿತಾದರೂ, ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಎಂಬ ಮೂರು ಕೆಲಸಗಳನ್ನು ಆ ನಿಷೇಧದಿಂದ ಹೊರಗಿಟ್ಟಿತು. ಹತ್ತು ವರ್ಷಗಳ ಅನಂತರ ಬಂದದ್ದು ವಿಪತ್ತೇ. ಅದರ ನಡುವೆಯೇ ಚುನಾವಣೆಗಳೂ ಬಂದವು.

ಸಾಂಕ್ರಾಮಿಕ ರೋಗ ನಮ್ಮ ನಾಡಿಗೆ ಹೊಸದಲ್ಲ. 1898ರ ಆಗಸ್ಟ್ ತಿಂಗಳಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಪ್ಲೇಗು ಬೆಂಗಳೂರನ್ನು ಹೊಕ್ಕಿತು. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಗೆ ತರುವ ಯೋಚನೆಯಿಂದಲೇ ಬಸವನಗುಡಿ ಮಲ್ಲೇಶ್ವರಗಳು ಬೆಳೆದದ್ದು. ಹಳ್ಳಿಗಳಲ್ಲಿಯಾದರೋ, ಇಲಿ ಬಿದ್ದ ಸುದ್ದಿ ಬಂದೊಡನೆ ಜನ ಊರು ಖಾಲಿ ಮಾಡಿ ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಪ್ಲೇಗಮ್ಮನ ಗುಡಿಗಳು ಇಂದಿಗೂ ಆ ಕಾಲದ ಸಾಕ್ಷಿಗಳಾಗಿ ನಿಂತಿವೆ. ಊರೇ ಎದ್ದುಹೋದ ಮೇಲೆ ಶಾಲೆಯ ಪ್ರಶ್ನೆ ತಾನಾಗಿಯೇ ಪರಿಹಾರವಾಗುತ್ತಿತ್ತು: ಮಕ್ಕಳೂ ಹೋದರು, ಮೇಷ್ಟರೂ ಹೋದರು, ಬೇನೆ ಅಡಗಿದ ಮೇಲೆ ಎಲ್ಲರೂ ಒಟ್ಟಿಗೆ ಹಿಂದಿರುಗಿದರು. ಊರು ಇದ್ದಲ್ಲೇ ಇದ್ದು, ಶಾಲೆ ಮಾತ್ರ ಮುಚ್ಚಿ, ಮುಚ್ಚಿದ ಶಾಲೆಯ ಮೇಷ್ಟರು ಮಾತ್ರ ಬೀದಿಬೀದಿ ಸುತ್ತುವ ಸ್ಥಿತಿ ಆಗ ಇರಲಿಲ್ಲ.

ಇಲ್ಲಿ ದೂರದ ಒಂದು ಊರಿನ ಸಂಗತಿಯನ್ನು ಹೇಳಬೇಕೆನಿಸುತ್ತದೆ. 1918ರ ಶರತ್ಕಾಲದಲ್ಲಿ ಇನ್‌ಫ್ಲುಯೆಂಜಾ ಜ್ವರ ಜಗತ್ತನ್ನು ಸುಡುತ್ತಿದ್ದಾಗ, ನ್ಯೂಯಾರ್ಕ್ ನಗರದ ಆರೋಗ್ಯಾಧಿಕಾರಿ ರಾಯಲ್ ಕೋಪ್‌ಲೆಂಡ್ ಎಂಬವರು, ಮಕ್ಕಳ ಆರೋಗ್ಯ ವಿಭಾಗದ ಮುಖ್ಯಸ್ಥೆಯಾಗಿದ್ದ ಜೋಸೆಫೀನ್ ಬೇಕರ್ ಎಂಬ ವೈದ್ಯೆಯ ಸಲಹೆಯನ್ನು ಮನ್ನಿಸಿ, ಶಾಲೆಗಳನ್ನು ಮುಚ್ಚಲಿಲ್ಲ. ಅಲ್ಲಿದ್ದವರು ಸುಮಾರು 10 ಲಕ್ಷ ಮಕ್ಕಳು. ಅವರಲ್ಲಿ ಬಹುಪಾಲು ಜನರ ಮನೆಗಳೆಂದರೆ ಗಾಳಿ ಬೆಳಕಿಲ್ಲದ ಬಾಡಿಗೆಯ ಕೋಣೆಗಳು. ಅದಕ್ಕಿಂತ ಶಾಲೆಯೇ ಲೇಸೆಂಬುದು ಆ ಅಧಿಕಾರಿಗಳ ತರ್ಕ. ಮಕ್ಕಳು ಬೀದಿಯಲ್ಲಿ ಗುಂಪುಗೂಡದೆ ನೇರವಾಗಿ ತರಗತಿಗೆ ಬರಬೇಕು, ಬಂದೊಡನೆ ಉಪಾಧ್ಯಾಯಿನಿ ಒಬ್ಬೊಬ್ಬರ ಮುಖವನ್ನೂ ನೋಡಬೇಕು, ಕೆಮ್ಮು ನೆಗಡಿಗಳ ಕುರುಹು ಕಂಡವರನ್ನು ಬೇರ್ಪಡಿಸಬೇಕು. ಆದರೆ ಬೇರ್ಪಡಿಸಿದ ಮಗುವನ್ನು ಒಪ್ಪಿಸುವುದಕ್ಕೆ ಅಲ್ಲಿ ಶಾಲಾ ವೈದ್ಯರಿದ್ದರು. 1902ರಿಂದಲೇ ಶಾಲೆಗಳಿಗೆ ನೇಮಕವಾಗತೊಡಗಿದ್ದ ದಾದಿಯರಿದ್ದರು. ನೂರು ವರ್ಷಗಳ ಅನಂತರ ನಮ್ಮ ಮೇಷ್ಟರ ಕೈಗೆ ಥರ್ಮಲ್ ಸ್ಕ್ಯಾನರ್ ಕೊಟ್ಟಾಗ, ಅವರ ಬೆನ್ನ ಹಿಂದೆ ಅಂಥವರು ಯಾರಿದ್ದರು? ಕೆಲವು ಮೈಲಿ ದೂರದ ಪ್ರಾಥಮಿಕ ಆರೋಗ್ಯ ಕೇಂದ್ರ, ಮತ್ತು ತನ್ನದೇ ನೂರು ಕೆಲಸಗಳಲ್ಲಿ ಮುಳುಗಿದ್ದ ಆಶಾ ಕಾರ್ಯಕರ್ತೆ, ಅಷ್ಟೆ.

2020ರ ಬೇಸಗೆಯಲ್ಲಿಯೇ ‘ಕೊರೋನಾ ಡ್ಯೂಟಿ’ ಎಂಬ ಮಾತು ಉಪಾಧ್ಯಾಯರ ನಿತ್ಯದ ಭಾಷೆಗೆ ಸೇರಿಹೋಗಿತ್ತು. ಚೆಕ್‌ಪೋಸ್ಟಿನಲ್ಲಿ ನಿಂತು ವಾಹನಗಳ ಲೆಕ್ಕ ಬರೆದವರು, ಮನೆಮನೆಯ ಸಮೀಕ್ಷೆಗೆ ಹೋದವರು, ಕ್ವಾರಂಟೈನ್ ಕೇಂದ್ರಗಳ ಉಸ್ತುವಾರಿ ನೋಡಿದವರು ಅವರಲ್ಲಿದ್ದರು. ಜೂನ್ 25ರಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆ. ಅನೇಕ ರಾಜ್ಯಗಳು ಪರೀಕ್ಷೆಯನ್ನೇ ಕೈಬಿಟ್ಟಿದ್ದಾಗ ಕರ್ನಾಟಕ 8 ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಕೊಠಡಿಗಳಲ್ಲಿ ಕೂರಿಸಿತು. ಬಿಸಿಯೂಟದ ಒಲೆ ಆರಿದ್ದರಿಂದ, ಮಕ್ಕಳ ಪಾಲಿನ ಅಕ್ಕಿಬೇಳೆಯನ್ನು ತೂಗಿ, ಪೋಷಕರನ್ನು ಕರೆಸಿ, ಸಹಿ ಪಡೆದು ಹಂಚುವುದೂ ಶಾಲೆಯ ಪಾಲಿಗೆ ಬಂದಿತು. ಚಂದನ ವಾಹಿನಿಯಲ್ಲಿ ಪಾಠಗಳು ಪ್ರಸಾರವಾದವು, ಟಿ.ವಿ. ಇಲ್ಲದ ಮನೆ ಯಾವುದು, ಇದ್ದರೂ ಕರೆಂಟಿಲ್ಲದ ವೇಳೆ ಯಾವುದು ಎಂಬುದನ್ನು ವಿಚಾರಿಸಿ ಬರೆದಿಡುವುದು ಮತ್ತೆ ಮೇಷ್ಟರ ಕೆಲಸ.

ಆ ಆಗಸ್ಟಿನಲ್ಲಿ ಬಂದದ್ದು ವಿದ್ಯಾಗಮ. ಮಕ್ಕಳು ಶಾಲೆಗೆ ಬರುವಂತಿಲ್ಲವಾದ್ದರಿಂದ ಶಾಲೆಯೇ ಮಕ್ಕಳಿದ್ದಲ್ಲಿಗೆ ಹೋಗಬೇಕು. ಒಬ್ಬೊಬ್ಬ ಉಪಾಧ್ಯಾಯರು ಇಪ್ಪತ್ತು ಇಪ್ಪತ್ತೈದು ಮಕ್ಕಳ ಹೊಣೆ ಹೊತ್ತು, ಸ್ಮಾರ್ಟ್‌ಫೋನ್ ಇರುವವರು, ಸಾದಾ ಫೋನ್ ಇರುವವರು, ಏನೂ ಇಲ್ಲದವರು ಎಂದು ಅವರನ್ನು ವಿಂಗಡಿಸಿಕೊಂಡು, ಗುಡಿಯ ಅಂಗಳದಲ್ಲಿ, ಅರಳಿಕಟ್ಟೆಯ ಮೇಲೆ, ಸಮುದಾಯ ಭವನದಲ್ಲಿ, ಯಾರದೋ ಮನೆಯ ಜಗಲಿಯಲ್ಲಿ ಪಾಠ ಹೇಳಬೇಕು. ಜನ ಇದನ್ನು ವಠಾರ ಶಾಲೆ ಎಂದು ಕರೆದರು. ಸುಮಾರು ಒಂದೂವರೆ ಶತಮಾನದ ಹಿಂದೆ ಜಗಲಿಯಿಂದ ಕಟ್ಟಡದೊಳಕ್ಕೆ ಹೋಗಿದ್ದ ವಿದ್ಯೆ ಮತ್ತೆ ಜಗಲಿಗೆ ಇಳಿದು ಬಂದ ಈ ದೃಶ್ಯವನ್ನು ಕಂಡವರಿಗೆ ಐಗಳ ನೆನಪಾಗದೆ ಇರದು. ಗೋಡೆಗೆ ಒರಗಿಸಿದ ಸಣ್ಣ ಕಪ್ಪುಹಲಗೆ. ಅಂತರ ಕಾಯ್ದುಕೊಳ್ಳಲೆಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ದುಂಡು ಗುರುತುಗಳು. ಮಳೆ ಹನಿದರೆ ಎಲ್ಲರೂ ಎದ್ದು ಸೂರಿನಡಿಗೆ ಒತ್ತಿಕೊಂಡು ನಿಲ್ಲಬೇಕು, ನಿಂತರೆ ಅಂತರವೆಂಬುದು ಉಳಿಯದು. ಕೆಲವು ಮನೆಗಳ ಜಗಲಿಗೆ ಎಲ್ಲ ಜಾತಿಯ ಮಕ್ಕಳಿಗೂ ಪ್ರವೇಶವಿರಲಾರದೆಂಬ ಹಳೆಯ ಸಂಕಟವೂ ಇತ್ತು. ಸರ್ಕಾರಿ ಶಾಲೆಯ ಕಟ್ಟಡ ಈ ನಾಡಿಗೆ ಮಾಡಿದ ಉಪಕಾರವೇನೆಂಬುದು, ಆ ಕಟ್ಟಡ ಮುಚ್ಚಿದಾಗ ಅರಿವಾಗುವಂತಿತ್ತು. ನನ್ನ ಮಟ್ಟಿಗೆ, ವಿದ್ಯಾಗಮವು ಸದುದ್ದೇಶದಿಂದ ಹುಟ್ಟಿದ, ಬಡ ಮಕ್ಕಳ ಕೈಬಿಡದ ಯೋಜನೆ. ಆದರೆ ಅದರ ಅಪಾಯವನ್ನೆಲ್ಲ ಹೊತ್ತವರಿಗೆ ರಕ್ಷಣೆಯೆಂದು ದೊರೆತದ್ದು ಒಂದು ಮಾಸ್ಕು ಮತ್ತು ಒಂದು ಸೀಸೆ ಸ್ಯಾನಿಟೈಸರ್. ಸೋಂಕಿನ ಸುದ್ದಿಗಳೂ ಉಪಾಧ್ಯಾಯರ ಸಾವಿನ ಸುದ್ದಿಗಳೂ ಬರತೊಡಗಿದ ಮೇಲೆ, ಅಕ್ಟೋಬರ್ ತಿಂಗಳಲ್ಲಿ ಅದನ್ನು ನಿಲ್ಲಿಸಲಾಯಿತು.

ಆ ವರ್ಷದ ಕೊನೆಯ ಹತ್ತು ದಿನಗಳನ್ನು ನೋಡಿದರೆ ಸಾಕು, ಒತ್ತಡವೆಂಬುದರ ಸ್ವರೂಪ ತಿಳಿಯುತ್ತದೆ. ಡಿಸೆಂಬರ್ 22 ಮತ್ತು 27ರಂದು ಗ್ರಾಮ ಪಂಚಾಯಿತಿ ಚುನಾವಣೆಯ ಮತದಾನ. 30ರಂದು ಮತ ಎಣಿಕೆ. ಎರಡು ದಿನ ಕಳೆದು 2021ರ ಜನವರಿ 1ರಂದು ಹತ್ತನೆಯ ತರಗತಿ ಮತ್ತು ದ್ವಿತೀಯ ಪಿಯುಸಿಗೆ ಶಾಲಾಕಾಲೇಜು ಆರಂಭ, ಆರರಿಂದ ಒಂಬತ್ತನೆಯ ತರಗತಿಗಳಿಗೆ ಶಾಲೆಯ ಆವರಣದಲ್ಲಿಯೇ ಮತ್ತೆ ವಿದ್ಯಾಗಮ. ಮತಗಟ್ಟೆಯಲ್ಲಿ ಊರಿಗೆ ಊರನ್ನೇ ಎದುರುಗೊಂಡು ಬಂದವರು, ಮೂಗಿಗೆ ಕಡ್ಡಿ ತೂರಿಸಿಕೊಂಡು ಪರೀಕ್ಷೆ ಮಾಡಿಸಿ, ಪೋಷಕರ ಒಪ್ಪಿಗೆ ಪತ್ರಗಳನ್ನು ಸಂಗ್ರಹಿಸಿ, ಕೊಠಡಿಗಳಿಗೆ ಔಷಧಿ ಸಿಂಪಡಿಸಿ, ಹೊಸವರ್ಷದ ಬೆಳಗ್ಗೆ ಮಕ್ಕಳನ್ನು ಸ್ವಾಗತಿಸಬೇಕಾಗಿತ್ತು. ಆ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವಾಗ ತಾಯಂದಿರು, “ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನೀವೇ ಹೊಣೆ, ಮೇಡಂ” ಎನ್ನುತ್ತಿದ್ದರು. ಅದು ಬೆದರಿಕೆಯಲ್ಲ, ಭರವಸೆ. ಆದರೂ ಅದನ್ನು ಹೊತ್ತುಕೊಂಡು ಮನೆಗೆ ಹೋಗಿ, ಎಂಬತ್ತರ ಅತ್ತೆಗೂ ಎರಡು ವರ್ಷದ ಮಗುವಿಗೂ ನಡುವೆ ಮಲಗುವ ಹೆಣ್ಣುಮಗಳಿಗೆ ಅದರ ಭಾರ ಕಡಿಮೆಯದಾಗಿರಲಾರದು. ಏಪ್ರಿಲ್‌ನಲ್ಲಿ ಎರಡನೆಯ ಅಲೆ ಏರುತ್ತಿದ್ದಂತೆಯೇ ಶಾಲೆಗಳು ಮತ್ತೆ ಮುಚ್ಚಿದವು. ಆದರೆ 17ರಂದು ಬೆಳಗಾವಿ, ಬಸವಕಲ್ಯಾಣ, ಮಸ್ಕಿ ಉಪಚುನಾವಣೆಗಳು ನಡೆದವು, ಮತಗಟ್ಟೆಗಳಲ್ಲಿ ಉಪಾಧ್ಯಾಯರು ಕುಳಿತರು. ಅಲ್ಲಿಂದ ಸೋಂಕು ಹೊತ್ತು ಬಂದು ಮರಳಿ ಶಾಲೆಯನ್ನು ಕಾಣದೆ ಹೋದವರಿದ್ದಾರೆ.

ಖಾಸಗಿ ಶಾಲೆಗಳವರ ಪಾಡು ಬೇರೆ ಬಗೆಯದು. ಶುಲ್ಕ ಬಾರದೆ ಸಂಬಳ ಅರ್ಧಕ್ಕಿಳಿದು, ಎಷ್ಟೋ ಕಡೆ ನಿಂತೇಹೋಗಿ, ಪದವೀಧರರು ತರಕಾರಿ ಮಾರಿದರು, ಕೂಲಿಗೆ ಹೋದರು. 2021ರ ಜೂನ್‌ನಲ್ಲಿ ಸರ್ಕಾರ ಅನುದಾನರಹಿತ ಶಾಲೆಗಳ ಶಿಕ್ಷಕರಿಗೆ ಒಂದು ಸಲಕ್ಕೆ 5,000 ರೂಪಾಯಿ ಪರಿಹಾರ ಘೋಷಿಸಿತು. ಶಾಲೆಯಿಲ್ಲದಿದ್ದರೆ ಕರೆಯೇ ಇಲ್ಲದ ಅತಿಥಿ ಶಿಕ್ಷಕರ ಹೆಸರನ್ನು ಎತ್ತಿದವರೇ ಕಡಿಮೆ.

ಆ ವರ್ಷ ಶಾಲೆಗಳು ಮತ್ತೆ ತೆರೆದದ್ದು ಹಂತಹಂತವಾಗಿ: ಆಗಸ್ಟ್ 23ರಂದು ದೊಡ್ಡ ತರಗತಿಗಳು, ಸೆಪ್ಟೆಂಬರ್ 6ರಂದು ಆರರಿಂದ ಎಂಟು, ಕೊನೆಗೆ ಅಕ್ಟೋಬರ್ 25ರಂದು ಎಲ್ಲರಿಗಿಂತ ಕಿರಿಯರು. ಮಾವಿನ ತೋರಣ ಕಟ್ಟಿ, ಹೂ ಕೊಟ್ಟು ಮಕ್ಕಳನ್ನು ಬರಮಾಡಿಕೊಂಡ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ತೋರಣದ ಆಚೆಗಿನ ನಲಿಕಲಿ ಕೊಠಡಿಯೊಳಕ್ಕೆ ಒಮ್ಮೆ ಇಣುಕೋಣ. ನಲಿಕಲಿ ಎಂಬುದು 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತ, ನಮ್ಮ ಉಪಾಧ್ಯಾಯರ ಕೈಯಲ್ಲೇ ಬೆಳೆದ ಪದ್ಧತಿ. ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ಗುಂಪುಗುಂಪಾಗಿ ನೆಲದ ಮೇಲೆ ದುಂಡಗೆ ಕುಳಿತು, ಕಲಿಕಾ ಏಣಿಯಲ್ಲಿ ತಾವೆಲ್ಲಿದ್ದೇವೆಂದು ನೋಡಿಕೊಂಡು, ಕಾರ್ಡುಗಳನ್ನು ಕೈಯಿಂದ ಕೈಗೆ ದಾಟಿಸುತ್ತ ಕಲಿಯುತ್ತಾರೆ. ಮುಂದಿದ್ದವರು ಹಿಂದಿದ್ದವರಿಗೆ ಹೇಳಿಕೊಡುವುದು ಅದರ ಜೀವ. ಆದರೆ ಶಾಲೆ ತೆರೆಯುವ ಸುತ್ತೋಲೆಯಲ್ಲಿದ್ದದ್ದು: ಗುಂಪು ಕೂಡದು, ಅಂತರವಿರಬೇಕು, ವಸ್ತುಗಳನ್ನು ಹಂಚಿಕೊಳ್ಳಬಾರದು. ದುಂಡಗೆ ಕೂರಬೇಕಾದವರನ್ನು ಸಾಲಾಗಿ ಕೂರಿಸಿದ್ದಾಯಿತು. ಕಾರ್ಡುಗಳ ತಟ್ಟೆಯನ್ನು ಕೆಳಗಿಳಿಸಿದರೆ, ಹತ್ತೊಂಬತ್ತು ತಿಂಗಳ ಧೂಳಿನಡಿಯಲ್ಲಿ ಕೆಲವು ಕಾರ್ಡುಗಳನ್ನು ಗೆದ್ದಲು ತಿಂದಿತ್ತು. ಇನ್ನು ಮಕ್ಕಳು: ಮೂರನೆಯ ತರಗತಿಯವರು ಶಾಲೆ ಕಂಡದ್ದು ಒಂದನೆಯ ತರಗತಿಯ ಮಾರ್ಚ್‌ವರೆಗೆ, ಎರಡನೆಯವರು ಕೊಠಡಿಯೊಳಗೆ ಕಾಲಿಟ್ಟದ್ದೇ ಅಂದು, ಒಂದನೆಯವರು ಅಂಗನವಾಡಿಯ ಪರಿಚಯವನ್ನೂ ಕಳೆದುಕೊಂಡಿದ್ದವರು. ಮುಂದಿದ್ದವರೇ ಇಲ್ಲದ ಮೇಲೆ ಹಿಂದಿದ್ದವರಿಗೆ ಹೇಳಿಕೊಡುವವರು ಯಾರು? ಮೂರು ತರಗತಿಯ ಮಕ್ಕಳಿಗೂ ‘ರ, ಗ, ಸ’ದಿಂದಲೇ ಕೈಹಿಡಿದು ತಿದ್ದಿಸಬೇಕು, ಆದರೆ ಕೈ ಹಿಡಿಯಕೂಡದು. ತುಟಿಯ ಚಲನೆ ತೋರಿಸಿ ಉಚ್ಚಾರ ಕಲಿಸಬೇಕು. ಆದರೆ ತುಟಿಯನ್ನು ಮಾಸ್ಕು ಮುಚ್ಚಿದೆ. ಅತ್ತ ಮಗುವನ್ನು ಎತ್ತಿಕೊಳ್ಳಬಾರದೆಂದು ಯಾವ ಉಪಾಧ್ಯಾಯಿನಿ ಎಷ್ಟು ಹೊತ್ತು ತಡೆದುಕೊಂಡಾಳು!

ಮಕ್ಕಳಿಗೆ ಎಷ್ಟು ಮರೆತಿತ್ತು ಎಂಬುದಕ್ಕೆ ಲೆಕ್ಕವಿದೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 16,067 ಮಕ್ಕಳನ್ನು ಪರಿಶೀಲಿಸಿದಾಗ, ಹಿಂದಿನ ವರ್ಷ ಭಾಷೆಯಲ್ಲಿ ತಮಗಿದ್ದ ಒಂದಾದರೂ ಸಾಮರ್ಥ್ಯವನ್ನು ನೂರಕ್ಕೆ 92 ಮಕ್ಕಳೂ, ಗಣಿತದಲ್ಲಿ ನೂರಕ್ಕೆ 82 ಮಕ್ಕಳೂ ಕಳೆದುಕೊಂಡಿದ್ದರು. ಅದಾದ ಮೇಲೂ ಕಿರಿಯರ ಶಾಲೆ ಒಂಬತ್ತು ತಿಂಗಳು ಮುಚ್ಚಿಯೇ ಇತ್ತು. ಇದನ್ನು ತುಂಬಿಕೊಡಲೆಂದು ಸರ್ಕಾರ 2022–23ನ್ನು ಕಲಿಕಾ ಚೇತರಿಕೆಯ ವರ್ಷವೆಂದು ಸಾರಿ, ಬೇಸಗೆ ರಜೆಯನ್ನು ಮೊಟಕುಮಾಡಿ ಮೇ 16ರಂದೇ ಶಾಲೆ ತೆರೆಯಿತು. ಚೇತರಿಕೆ ಮಕ್ಕಳಿಗೆ ಬೇಕಾಗಿತ್ತು, ನಿಜ. ಎರಡು ವರ್ಷ ದಣಿದವರಿಗೂ ಬೇಕಾಗಿತ್ತೆಂಬ ಮಾತನ್ನು ಯಾವ ಆದೇಶವೂ ಹೇಳಲಿಲ್ಲ.

ಮುಂದೊಂದು ದಿನ ಈ ಕಾಲದ ಚರಿತ್ರೆಯನ್ನು ಬರೆಯುವವರಿಗೆ ಸುತ್ತೋಲೆಗಳು ಯಥೇಚ್ಛವಾಗಿ ಸಿಗುತ್ತವೆ. ಆದರೆ ಪ್ರತಿದಿನ ಬೆಳಗ್ಗೆ ಒಂದೊಂದು ಮಗುವಿನ ಮೈಬಿಸಿಯನ್ನು ನೋಡಿ ಬರೆದ ಪುಸ್ತಕ, ಅಕ್ಕಿ ಹಂಚಿದ ದಿನದ ಸಹಿಗಳ ಹಾಳೆ, ವಠಾರ ಶಾಲೆಯ ಹಾಜರಿಪಟ್ಟಿ, ಹೆಬ್ಬೆಟ್ಟಿನ ಒಪ್ಪಿಗೆ ಪತ್ರ, ಇವೆಲ್ಲ ಶಾಲೆಯ ಬೀರುವಿನ ತಳದಲ್ಲಿ ಇಂದೋ ನಾಳೆಯೋ ರದ್ದಿಗೆ ಹೋಗಲು ಕಾದಿವೆ. ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿರುವ (ಎಸ್‌ಡಿಎಂಸಿ) ಊರವರೂ ಮುಖ್ಯೋಪಾಧ್ಯಾಯರೂ ದಯಮಾಡಿ ಅವುಗಳನ್ನು ಮಾರಬೇಡಿ. ಒಂದು ಕಟ್ಟು ಕಟ್ಟಿ, ಮೇಲೆ ಇಸವಿ ಬರೆದು ಇಡಿ. ನಿಮ್ಮ ಮನೆಯ ಜಗಲಿಯಲ್ಲಿ ಆ ಮಳೆಗಾಲ ಯಾರಾದರೂ ಮೇಷ್ಟರು ಪಾಠ ಹೇಳಿದ್ದರೆ, ಅವರ ಹೆಸರನ್ನೂ ಅಲ್ಲಿ ಕುಳಿತ ಮಕ್ಕಳ ಹೆಸರುಗಳನ್ನೂ ಒಂದು ಹಾಳೆಯಲ್ಲಿ ಬರೆದು ಆ ಕಟ್ಟಿಗೆ ಸೇರಿಸಿ.