ವಿದ್ಯುತ್ ಗಿಟಾರಿನ ತದ್ರೂಪುಗಳು: ಬೆಲೆ ಯಾವುದಕ್ಕೆ?

ಅಮೆರಿಕದ ಮಿಶಿಗನ್ ರಾಜ್ಯದ ಕಲಮಜೂ ಪಟ್ಟಣದಲ್ಲಿದ್ದ ಗಿಬ್ಸನ್ ಕಾರ್ಖಾನೆಯು 1958ರಿಂದ 1960ರವರೆಗೆ ‘ಲೆಸ್ ಪಾಲ್ ಸ್ಟ್ಯಾಂಡರ್ಡ್’ ಎಂಬ ವಿದ್ಯುತ್ ಗಿಟಾರನ್ನು ಕೆಂಪು-ಹಳದಿ ಛಾಯೆಯ ಮೆರುಗಿನಲ್ಲಿ ತಯಾರಿಸಿತು. ಆಗ ಅದನ್ನು ಕೊಳ್ಳುವವರು ಕಡಿಮೆ. ಸುಮಾರು 1,500 ಗಿಟಾರುಗಳು ಹೊರಬಂದ ಮೇಲೆ ತಯಾರಿಕೆ ನಿಂತಿತು. 1966ರಲ್ಲಿ ಎರಿಕ್ ಕ್ಲಾಪ್ಟನ್ ಇಂಥದೊಂದು ಗಿಟಾರನ್ನು ಧ್ವನಿಮುದ್ರಿಕೆಯಲ್ಲಿ ನುಡಿಸಿದ ಬಳಿಕ ಅದರ ನಾದಕ್ಕೆ ಜನ ಮರುಳಾದರು. ಇಂದು ಒಂದು ಮೂಲ ಗಿಟಾರಿಗೆ ಲಕ್ಷಗಟ್ಟಲೆ ಡಾಲರ್ ಬೆಲೆ. ಸಹಜವಾಗಿಯೇ ತದ್ರೂಪುಗಳು ಹುಟ್ಟಿಕೊಂಡವು.

1970ರ ದಶಕದಲ್ಲಿ ಜಪಾನಿನ ಗ್ರೆಕೊ, ಇಬಾನೆಜ್, ಟೋಕಾಯ್ ಮೊದಲಾದ ಹೆಸರಿನ ಗಿಟಾರುಗಳು ಈ ಮಾದರಿಯನ್ನು ಅನುಸರಿಸಿದವು. 1977ರಲ್ಲಿ ಗಿಬ್ಸನ್‌ನ ಒಡೆತನದ ಸಂಸ್ಥೆಯು ಗಿಟಾರಿನ ತಲೆಭಾಗದ ಆಕಾರವನ್ನು ನಕಲು ಮಾಡಲಾಗಿದೆ ಎಂದು ಇಬಾನೆಜ್‌ನ ಅಮೆರಿಕದ ಮಾರಾಟಗಾರರ ಮೇಲೆ ದಾವೆ ಹೂಡಿತು. ಅದು ರಾಜಿಯಲ್ಲಿ ಮುಗಿಯಿತು. 1993ರಲ್ಲಿ ಗಿಬ್ಸನ್ ತಾನೇ 1959ರ ಮಾದರಿಯ ಸೂಕ್ಷ್ಮ ಪುನರ್ನಿರ್ಮಾಣಕ್ಕೆ ಇಳಿಯಿತು. ಇವುಗಳ ಜೊತೆಗೆ, ಒಂದೊಂದು ಗಿಟಾರನ್ನೂ ಕೈಯಿಂದ ಮಾಡುವ ಕುಶಲಕರ್ಮಿಗಳೂ ಇದ್ದಾರೆ.

ಇವರ ಕೆಲಸದ ಕಷ್ಟ ತಿಳಿಯಲು ಗಿಟಾರಿನ ‘ಪಿಕಪ್’ ಅನ್ನು ನೋಡಬೇಕು. ಕಾಂತದ ಸುತ್ತ ತೆಳು ತಾಮ್ರದ ತಂತಿಯ ಸುರುಳಿ. ಮೇಲೆ ಉಕ್ಕಿನ ತಂತಿ. ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯ ಮೂಲಕ ಹಾಯುವ ಕಾಂತ ಅಭಿವಾಹ ಬದಲಾಗುತ್ತದೆ. 1831ರಲ್ಲಿ ಫ್ಯಾರಡೆ ತೋರಿಸಿದಂತೆ ಸುರುಳಿಯಲ್ಲಿ ವಿದ್ಯುತ್ ಪ್ರೇರಿತವಾಗುತ್ತದೆ. ಆದರೆ ಸುತ್ತಲಿನ ಟ್ರಾನ್ಸ್‌ಫಾರ್ಮರುಗಳ ಕ್ಷೇತ್ರವೂ ಅದೇ ಸುರುಳಿಯಲ್ಲಿ ‘ಗುಂಯ್’ ಎಂಬ ಸದ್ದನ್ನು ಹುಟ್ಟಿಸುತ್ತದೆ.

ಗಿಬ್ಸನ್‌ನ ಎಂಜಿನಿಯರ್ ಸೆತ್ ಲವರ್ ಇದಕ್ಕೆ ಪರಿಹಾರ ರೂಪಿಸಿ 1955ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದರು. 1959ರಲ್ಲಿ ಅದು ದೊರೆಯಿತು. ಅವರು ಎರಡು ಸುರುಳಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಒಂದಕ್ಕೆ ಉತ್ತರ ಧ್ರುವ, ಇನ್ನೊಂದಕ್ಕೆ ದಕ್ಷಿಣ ಧ್ರುವ ಒದಗಿಸಿ, ಸುರುಳಿಗಳನ್ನು ಪರಸ್ಪರ ವಿರುದ್ಧವಾಗಿ ಜೋಡಿಸಿದರು. ಹೊರಗಿನ ಸದ್ದಿಗೆ ಧ್ರುವಗಳ ಹಂಗಿಲ್ಲ. ಆದ್ದರಿಂದ ಅದು ಒಂದನ್ನೊಂದು ಕಳೆಯುತ್ತದೆ. ತಂತಿಯ ಸಂಕೇತ ಎರಡು ಬಾರಿ ತಿರುಗುಮುರುಗಾಗುವುದರಿಂದ ಕೂಡಿಕೊಳ್ಳುತ್ತದೆ.

ಪ್ರತಿ ಸುರುಳಿಯಲ್ಲಿ ಸುಮಾರು 5,000 ಸುತ್ತು. ತಂತಿಯ ದಪ್ಪ ಸುಮಾರು 0.06 ಮಿಲಿಮೀಟರ್. ಆದರೆ ಅಂದಿನ ಪಿಕಪ್‌ಗಳಲ್ಲಿ ಸುತ್ತುಗಳ ಸಂಖ್ಯೆ ಒಂದೇ ಸಮನಾಗಿಲ್ಲ. ಅವುಗಳ ರೋಧ ಸಾಮಾನ್ಯವಾಗಿ 7,000ದಿಂದ 9,000 ಓಮ್‌ವರೆಗೆ ಇರುತ್ತದೆ. ಬಳಸಿದ ಆಲ್ನಿಕೊ ಕಾಂತಗಳೂ ಬೇರೆ ಬೇರೆ. ಹೀಗಿರುವಾಗ ತದ್ರೂಪು ಯಾವುದರ ತದ್ರೂಪು?

ರೋಧವನ್ನು ಅಳೆದರೆ ಸಾಲದೆ? ಸಾಲದು. ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.39 ಶೇಕಡ ಏರುತ್ತದೆ. 20 ಡಿಗ್ರಿಯಲ್ಲಿ 8,000 ಓಮ್ ಇದ್ದದ್ದು 30 ಡಿಗ್ರಿಯಲ್ಲಿ ಸುಮಾರು 8,310 ಆಗುತ್ತದೆ. ನಾದವನ್ನು ಹೆಚ್ಚಾಗಿ ನಿರ್ಧರಿಸುವುದು ಸುರುಳಿಯ ಪ್ರೇರಕತ್ವ ಮತ್ತು ಕೇಬಲ್ ಸೇರಿದಂತೆ ಒಟ್ಟು ಧಾರಕತೆ. ಪ್ರೇರಕತ್ವ 4 ಹೆನ್ರಿ, ಧಾರಕತೆ 500 ಪಿಕೊಫ್ಯಾರಡ್ ಎಂದುಕೊಂಡರೆ ಅನುರಣನ ಆವೃತ್ತಿ ಸುಮಾರು 3,560 ಹರ್ಟ್ಸ್. ಕೇಬಲನ್ನು ಬದಲಿಸಿದರೂ ಇದು ಬದಲಾಗುತ್ತದೆ! ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು.

ಮರದ ಕತೆ ಇನ್ನೊಂದು. ಮೂಲ ಗಿಟಾರಿನಲ್ಲಿ ಮಹೋಗನಿಯ ಒಡಲು, ಮೇಪಲ್ ಮರದ ಮೇಲ್ಪದರ, ಬೆರಳು ಆಡುವ ಪಟ್ಟಿಗೆ ಬ್ರೆಜಿಲ್‌ನ ರೋಸ್‌ವುಡ್. 1992ರಲ್ಲಿ ಈ ಕೊನೆಯ ಮರವು ಅಂತಾರಾಷ್ಟ್ರೀಯ ಸೈಟಿಸ್ ಒಪ್ಪಂದದ ಮೊದಲ ಅನುಬಂಧಕ್ಕೆ ಸೇರಿ, ಅದರ ವಾಣಿಜ್ಯ ವ್ಯಾಪಾರಕ್ಕೆ ತಡೆ ಬಿತ್ತು. ಅದಕ್ಕೂ ಮೊದಲೇ, 1960ರ ದಶಕದಲ್ಲಿ, ಅನೇಕ ತಯಾರಕರು ಭಾರತದ ರೋಸ್‌ವುಡ್‌ಗೆ ತಿರುಗಿದ್ದರು. ಅದೇ ನಮ್ಮ ಮಲೆನಾಡು, ಕೊಡಗಿನ ಕಾಡುಗಳ ಬೀಟೆ. 2017ರಿಂದ ಬೀಟೆಯೂ ಎರಡನೆಯ ಅನುಬಂಧದಲ್ಲಿದೆ; ಸಿದ್ಧಗೊಂಡ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ದೊರೆಯಿತು.

ಅಪರೂಪದ ಮರವೇ ನಾದಕ್ಕೆ ಕಾರಣವೆ? ಬ್ರಿಟನ್ನಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಹಿಂಬದಿ ಮತ್ತು ಪಕ್ಕದ ಮರ ಮಾತ್ರ ಬೇರೆಯಾದ ಆರು ಸಾಧಾರಣ (ವಿದ್ಯುತ್ತಿಲ್ಲದ) ಗಿಟಾರುಗಳನ್ನು 52 ವಾದಕರು ಕಣ್ಣಿಗೆ ಕಾಣದಂತೆ ನುಡಿಸಿದರು. ಬ್ರೆಜಿಲ್ ಮರದ ಗಿಟಾರಿಗೂ ಅಗ್ಗದ ಮರದ ಗಿಟಾರಿಗೂ ಅವರು ಕೊಟ್ಟ ಅಂಕಗಳಲ್ಲಿ ಗಮನಾರ್ಹ ವ್ಯತ್ಯಾಸ ಇರಲಿಲ್ಲ. ಈ ಫಲಿತಾಂಶವನ್ನು ವಿದ್ಯುತ್ ಗಿಟಾರಿಗೆ ನೇರವಾಗಿ ಅನ್ವಯಿಸಲಾಗದು. ಆದರೂ ಕಿವಿ ಕೇಳುವುದರಲ್ಲಿ ಕಣ್ಣಿನ ಪಾಲೂ ಇರಬಹುದೆಂಬ ಎಚ್ಚರಿಕೆ ಅದರಲ್ಲಿದೆ.

ಹಾಗಾದರೆ ಒಳ್ಳೆಯ ತದ್ರೂಪಿನ ಬೆಲೆ ಯಾವುದಕ್ಕೆ? ಕುತ್ತಿಗೆಯನ್ನು ಒಡಲಿಗೆ ಸಂದು ಕಾಣದಂತೆ ಕೂಡಿಸುವ, ಮೆಟ್ಟಿಲುಗಳನ್ನು ಸಮ ಮಾಡುವ, ನೈಟ್ರೊಸೆಲ್ಯುಲೋಸ್ ಮೆರುಗನ್ನು ತೆಳುವಾಗಿ ಬಳಿಯುವ ಕೈಗೆ. ಮೂಲದ ಬೆಲೆಯಲ್ಲಿ ದೊಡ್ಡ ಪಾಲು ಅಪರೂಪಕ್ಕೆ, ಚರಿತ್ರೆಗೆ ಸಲ್ಲುತ್ತದೆ. ಅದನ್ನು ಯಾವ ಕೈಯೂ ಮಾಡಲಾರದು. ತನ್ನ ತಯಾರಕನ ಹೆಸರನ್ನೇ ಹೊತ್ತ ತದ್ರೂಪು ಕಸುಬಿನ ಸಾಕ್ಷಿ; ಇನ್ನೊಬ್ಬರ ಹೆಸರು ಬರೆದುಕೊಂಡು 1959ರದೆಂದು ಮಾರಾಟವಾಗುವುದು ಬರಿಯ ಮೋಸ.

ಅಂದು ಪ್ರತಿ ಸುರುಳಿಯ ಸುತ್ತುಗಳನ್ನು ಎಣಿಸಿ ಬರೆದಿಟ್ಟಿದ್ದರೆ ಇಂದಿನವರ ವರ್ಷಗಟ್ಟಲೆ ಹುಡುಕಾಟ ಎಷ್ಟೋ ಕಡಿಮೆಯಾಗುತ್ತಿತ್ತು. ಪ್ರಯೋಗಶಾಲೆಯಲ್ಲಿ ಅಳತೆಯ ಜೊತೆಗೆ ಅಂದಿನ ಉಷ್ಣತೆಯನ್ನೂ ಬರೆಯಿರಿ ಎಂದು ಮಕ್ಕಳಿಗೆ ಹೇಳುವಾಗ ಈ ಗಿಟಾರಿನ ಉದಾಹರಣೆ ಕೊಡಬಹುದು.